ನಿಶ್ಚಿತಾರ್ಥದ ಎಂ.ಆರ್.ಐ.

ಹಾಜಾ ಇನ್ಶಿರಾ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಚಹಾಕ್ಕೆ ನಾಲ್ಕನೆಯ ಚಮಚ ಸಕ್ಕರೆ ಹಾಕಿ ಕಲಕುತ್ತ, ನನ್ನ ಅಕ್ಕನ ತಲೆಯೊಳಗೆ ಏನಿದೆ ಎಂದು ಒಮ್ಮೆ ನೋಡಿಬಿಡಬೇಕು ಎಂದಳು. ಕಲ್ಲಂಗಡಿ ಕೊಳ್ಳುವ ಮೊದಲು ಒಂದು ತುಂಡು ಕೊಯ್ದು ಕೆಂಪು ತೋರಿಸು ಎಂದು ಗಾಡಿಯವನನ್ನು ಕೇಳುವ ದನಿ ಅದು.

"ನಂಗೇನೂ ಅನುಮಾನ ಇಲ್ಲ, ಉಮ್ಮ್ ವಿಸಾಮ್. ದೇವರಾಣೆಗೂ ಇಲ್ಲ," ಎಂದು ನಮ್ಮಮ್ಮನ, ಅಂದರೆ ವಿಸಾಮಳ ತಾಯಿಯ, ಮೊಣಕಾಲು ತಟ್ಟಿದಳು. "ಆದ್ರೆ ಜನ ಬಾಯಿ ಮುಚ್ಕೊಂಡಿರ್ತಾರಾ? ಒಂದು ಎಂ.ಆರ್.ಐ. ಮಾಡಿಸಿಬಿಡಿ. ಎಲ್ಲರ ಬಾಯಿಗೂ ಬೀಗ."

ಜನ ಎಂದರೆ ಆಕೆಯೇ. ಉಳಿದವರು ಆಕೆ ಹೇಳಿದ್ದನ್ನು ಹೇಳುವವರು.

ನಡೆದದ್ದು ಇಷ್ಟು. ಹಜ್ ಮಾಡಿ ಬಂದು ಎಲ್ಲರ ಬಾಯಲ್ಲೂ ಹಾಜಾ ಆದ ಇನ್ಶಿರಾಳ ಮಗ ಹೈಸಮನಿಗೂ ನನ್ನ ಅಕ್ಕ ವಿಸಾಮಳಿಗೂ ಮದುವೆ ನಿಶ್ಚಯವಾಗಿ ಮೂರು ವರ್ಷ. ಎರಡು ವಾರದ ಹಿಂದೆ ಹೈಸಮನ ಚಿಕ್ಕಪ್ಪನ ಮಗನ ಮದುವೆಯಲ್ಲಿ ಅಕ್ಕ ತಲೆ ತಿರುಗಿ ಬಿದ್ದಳು. ಹೊಸ ಉಡುಪಿನ ನಡು ಬಿಗಿಯಾಗಿತ್ತೆಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ನಿಂತದ್ದು ಬೀರುವಿನಷ್ಟು ದೊಡ್ಡ ಸ್ಪೀಕರಿನ ಪಕ್ಕ. ಬಿದ್ದಾಗ ಕಾಲು ಎರಡು ಸಲ ಅದುರಿತು. ನೂರು ಜನರಲ್ಲಿ ಒಬ್ಬರೂ ನೀರು ತರಲಿಲ್ಲ, ಆರು ಜನ ವಿಡಿಯೋ ತೆಗೆದರು. ಮರುದಿನ ಡಾಕ್ಟರು, "ಹೊಟ್ಟೆ ಖಾಲಿ, ಸೆಕೆ, ನಿಂತೇ ಇದ್ದದ್ದು. ಹೋಗಿ ಊಟ ಮಾಡಮ್ಮ," ಎಂದರು. ಡಾಕ್ಟರ ಮಾತನ್ನು ಯಾರೂ ವಿಡಿಯೋ ತೆಗೆದಿರಲಿಲ್ಲವಾದ್ದರಿಂದ ಅದು ಎಲ್ಲಿಗೂ ಹರಡಲಿಲ್ಲ. ಮೂರ್ಛೆರೋಗ ಎನ್ನುವ ಮಾತು ಮಾತ್ರ ನಮ್ಮ ತಾಂತಾ ಊರಿನ ಅರ್ಧ ಮಹಡಿಗಳನ್ನು ಹತ್ತಿ ಇಳಿಯಿತು.

ಅಕ್ಕನಿಗೆ ಮೂವತ್ತೊಂದು. ಮದುವೆಗೆ ಎರಡು ತಿಂಗಳಿತ್ತು. ಅವಳಿಗೆ ಹೈಸಮ್ ನಿಜವಾಗಿಯೂ ಬೇಕಾಗಿದ್ದ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದರಿಂದ ಯಾರಿಗೂ ಅದು ಹೊಳೆಯಲಾರದು. ಅವನು ಸೋದರಮಾವನ ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಪ್ರತಿ ಗುರುವಾರ ಅಕ್ಕ ಪಾಠ ಮಾಡುವ ಶಿಶುವಿಹಾರದ ಗೇಟಿನ ಬಳಿ, ನೆನೆಸಿದ ತಿರ್ಮಿಸ್ ಕಾಳಿನ ಪೊಟ್ಟಣ ಹಿಡಿದು ನಿಂತಿರುತ್ತಿದ್ದ. ಇಬ್ಬರೂ ಸಿಪ್ಪೆ ಉಗುಳುತ್ತ ಬಸ್‌ಸ್ಟಾಪಿನವರೆಗೆ ನಡೆಯುತ್ತಿದ್ದರು. ಅಷ್ಟರಲ್ಲಿ ಅವಳು ಏನು ಕಂಡಳೋ. ನನಗೆ ಸಿಪ್ಪೆ ಮಾತ್ರ ಕಂಡಿತ್ತು.

ಅಪ್ಪ ಹೋದ ಮೇಲೆ ಅಮ್ಮನಿಗೆ ಜಗಳದಲ್ಲಿ ಸೋಲುವುದು ಮರೆತುಹೋಗಿದೆ. ಹಾಜಾ ಚಹಾ ಮುಗಿಸಿದ ಮೇಲೆ ಅಮ್ಮ ಬಾಯಿ ತೆಗೆದಳು.

"ಫ್ರಿಜ್ಜು ನಿಮ್ದು, ಒಲೆ ನಮ್ದು. ಮಂಚ ನಿಮ್ದು, ಹಾಸಿಗೆ ನಮ್ದು. ಪರದೆಗೆ ಕೊಕ್ಕೆ ಯಾರು ತರ್ಬೇಕು ಅಂತಾನೂ ಕೂತು ಮಾತಾಡಿದೀವಿ, ಹೌದಾ ಹಾಜಾ?"

"ಹೌದಪ್ಪ."

"ಹಾಗಿದ್ರೆ ತಲೆಯೂ ಅಷ್ಟೇ. ನಮ್ಮ ಹುಡುಗಿದೊಂದು, ನಿಮ್ಮ ಹುಡುಗಂದೊಂದು."

ಹಾಜಾ ಬಳೆಗಳೆಲ್ಲ ಕುಲುಕುವಂತೆ ನಕ್ಕಳು. "ನನ್ನ ಹೈಸಮನ ತಲೇನಾ? ತೆಗೆಸೋಣ ತಾಯಿ! ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ತೀನಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೈಸಮ್ ಸೋಫಾದ ತುದಿಯಲ್ಲಿ ಕೂತು ಫೋನು ನೋಡುತ್ತಿದ್ದ. ಅವನು ತಲೆ ಎತ್ತುತ್ತಾನೆ, ತನ್ನ ತಾಯಿಗೆ ಅಮ್ಮಾ, ಇದೇನು ಮಾತು ಎನ್ನುತ್ತಾನೆ ಎಂದು ಅಕ್ಕ ಕಾದಳು. ಅವನು ತಲೆ ಎತ್ತಿ, "ಬಿಸ್ಕತ್ತು ಇನ್ನೂ ಇದ್ಯಾ?" ಎಂದು ನನ್ನನ್ನು ಕೇಳಿದ.

ಕೇಂದ್ರಕ್ಕೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪದವಿ ಪಡೆದು ಮನೆಯಲ್ಲಿ ಕೂತವಳು, ಇಂಗ್ಲಿಷ್ ಓದಬಲ್ಲವಳು, ಬೇರೇನಕ್ಕೂ ಬಾರದವಳು. ತಾಂತಾದಲ್ಲಿಯೇ ಮಾಡಿಸಿದರೆ ಯಾರಾದರೂ ನೋಡಿಯಾರು ಎಂದು ಅಲ್-ಮಹಲ್ಲಾ ಊರಿನ ಒಂದು ಖಾಸಗಿ ಕೇಂದ್ರವನ್ನು ಹಾಜಾ ಆರಿಸಿದ್ದಳು. ಅಲ್ಲಿಯ ಸ್ವಾಗತಕಾರಿಣಿ ಹೋಟೆಲಿನಲ್ಲಿ ತಿಂಡಿಯ ಹೆಸರು ಒಪ್ಪಿಸುವಂತೆ ಒಪ್ಪಿಸಿದಳು.

"ಬಣ್ಣದ ಇಂಜೆಕ್ಷನ್ ಹಾಕಿಯೋ, ಹಾಕದೆಯೋ? ಮುಚ್ಚಿದ ಯಂತ್ರವೋ, ತೆರೆದದ್ದೋ? ಅಯಸ್ಕಾಂತ ಒಂದೂವರೆ ಟೆಸ್ಲಾದ್ದಿದೆ, ಮೂರು ಟೆಸ್ಲಾದ್ದೂ ಇದೆ."

"ಯಾವುದು ಒಳ್ಳೇದು?"

"ಮೂರು ಒಂದೂವರೆಗಿಂತ ಜಾಸ್ತಿ ಅಲ್ವಾ?" ಎಂದಳು, ನನ್ನ ಗಣಿತದ ಬಗ್ಗೆ ಮರುಕದಿಂದ. "ಯಾವ ಡಾಕ್ಟ್ರು ಬರೆದುಕೊಟ್ಟಿದ್ದು?"

"ಯಾರೂ ಬರೆದುಕೊಟ್ಟಿಲ್ಲ."

"ಪರವಾಗಿಲ್ಲ, ಬನ್ನಿ. ಏನು ನೋಡ್ಬೇಕಾಗಿದೆ ಅಂತ ಬರ್ಕೊಳ್ಳಲಿ?"

ತಪ್ಪು ಹುಡುಕಬೇಕಾಗಿದೆ ಎನ್ನುವುದಕ್ಕೆ ಅವರ ಹತ್ತಿರ ಖಾನೆ ಇರಲಾರದು. "ತಲೆನೋವು," ಎಂದೆ. ಇಬ್ಬರಿಗೂ ತಲೆನೋವು.

ಮೂರ್ಛೆರೋಗ ಇರುವವರ ಮೆದುಳಿನ ಚಿತ್ರವೂ ಎಷ್ಟೋ ಸಲ ಏನೂ ಇಲ್ಲದ ಹಾಗೆ ಬರುತ್ತದೆ, ಯಂತ್ರಕ್ಕೆ ಕಾಣುವುದು ಮೆದುಳಿನ ಆಕಾರ ಮಾತ್ರ, ಅದರೊಳಗಿನ ಮಿಂಚು ಕಾಣುವುದಿಲ್ಲ ಎಂದು ನಾನು ಓದಿ ತಿಳಿದಿದ್ದೆ. ಹಾಜಾಗೆ ಹೇಳಿಯೂ ಹೇಳಿದೆ.

"ಮದುವೆಯಾಗದ ಹುಡುಗಿ, ನಿಂಗ್ಯಾಕೆ ನಿಹಾಲ್ ಇವೆಲ್ಲ?" ಎಂದಳು. ಮೆದುಳಿಗೂ ಮದುವೆಗೂ ಏನು ಸಂಬಂಧ ಎಂದು ಕೇಳಬೇಕಿತ್ತು. ನನ್ನ ಒಳ್ಳೆಯ ಮಾತುಗಳೆಲ್ಲ ಜನ ಎದ್ದುಹೋದ ಮೇಲೆ ಬರುತ್ತವೆ.

ಸೋಮವಾರ ಬೆಳಿಗ್ಗೆ ಹೈಸಮ್ ಮಾವನ ಕಾರು ತಂದ. ಮುಂದೆ ಹಾಜಾ, ಹಿಂದೆ ನಾವು ಮೂವರು. ಗುಟ್ಟು ಕಾಯಲೆಂದು ಅಷ್ಟು ದೂರ ಹೋದೆವಲ್ಲ, ಕಾಯುವ ಕೋಣೆಯ ಎರಡನೆಯ ಕುರ್ಚಿಯಲ್ಲೇ ನಮ್ಮ ಬೀದಿಯ ಕೌಸರ್ ಕೂತಿದ್ದಳು. ತನ್ನ ಗುಟ್ಟು ಕಾಯಲು ಬಂದವಳು. ಅಮ್ಮ ಗೋಡೆಯ ಗಡಿಯಾರ ನೋಡಿದಳು, ಕೌಸರ್ ನೆಲ ನೋಡಿದಳು. ಮುಕ್ಕಾಲು ಗಂಟೆ ಇಬ್ಬರೂ ಪರಸ್ಪರ ಕುರುಡರಾಗಿ ಕಳೆದರು.

ತುಂಬಬೇಕಾದ ಕಾಗದವನ್ನು ನಾನು ತುಂಬಿದೆ. ಹೃದಯಕ್ಕೆ ಯಂತ್ರ ಹಾಕಿದೆಯೇ, ಮೂಳೆಗೆ ಮೊಳೆ ಹೊಡೆದಿದೆಯೇ, ಕಣ್ಣಿಗೆ ಯಾವಾಗಲಾದರೂ ಲೋಹದ ಚೂರು ಬಿದ್ದಿತ್ತೇ. ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದ ಹಾಜಾ, ಗರ್ಭಿಣಿಯೇ ಎನ್ನುವ ಸಾಲು ಬಂದಾಗ ಕನ್ನಡಕ ಹಾಕಿಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿದಳು. ನಾನು ಇಲ್ಲ ಎಂದು ಗುರುತು ಹಾಕಿದೆ. ಹಾಜಾ ಕನ್ನಡಕ ತೆಗೆದಳು.

"ಲೋಹದ್ದೆಲ್ಲ ತೆಗೀಬೇಕು," ಎಂದಳು ನರ್ಸು. "ಪಿನ್ನು, ಕೊಕ್ಕೆ, ಚಿನ್ನ, ಎಲ್ಲಾ."

ಅಕ್ಕ ತಲೆವಸ್ತ್ರದ ಪಿನ್ನುಗಳನ್ನು ನನಗೆ ಕೊಟ್ಟಳು, ಒಟ್ಟು ಏಳು. ಆಮೇಲೆ ನಿಶ್ಚಿತಾರ್ಥದ ಬಳೆಗಳನ್ನು ಕೈಯಿಂದ ಬಿಡಿಸತೊಡಗಿದಳು. ಮೂರು ವರ್ಷದಲ್ಲಿ ಕೈ ತುಂಬಿಕೊಂಡಿತ್ತು, ಬಳೆಗಳು ಹೊರಡಲೊಲ್ಲವು. ನರ್ಸು ಸೋಪಿನ ನೀರು ತಂದಳು. ನಾನು ಚೀಲದ ಬಾಯಿ ತೆರೆದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಹಾಜಾ ಎದ್ದು ಬಂದು ತನ್ನ ಕರವಸ್ತ್ರ ಹಾಸಿದಳು.

"ಕೊಡು ಮಗಳೇ, ನಾನಿಟ್ಕೋತೀನಿ. ಇವ್ಳು ಇನ್ನೂ ಮಗು, ಎಲ್ಲಾದ್ರೂ ಬಿಟ್ಟುಬಿಟ್ಟಾಳು."

ಇಪ್ಪತ್ತನಾಲ್ಕು ವರ್ಷದ ಮಗು ಚೀಲದ ಬಾಯಿ ಮುಚ್ಚಿತು. ನಾಲ್ಕು ಬಳೆ, ಒಂದು ಉಂಗುರ, ಗಂಟು ಬಿಗಿದು ಹಾಜಾಳ ಎದೆಯೊಳಗೆ ಹೋದವು.

ಅಕ್ಕ ಒಳಗೆ ಇಪ್ಪತ್ತೈದು ನಿಮಿಷ ಇದ್ದಳು. ಯಾರೋ ಗೋಡೆ ಒಡೆಯುತ್ತಿರುವಂಥ ಸದ್ದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. "ಹೊಟ್ಟೆ ಹಸೀತಿದೆ," ಎಂದು ಹೈಸಮ್ ಕೆಳಗಿಳಿದು ಹೋಗಿ ಈಲಿಯ ಸ್ಯಾಂಡ್‌ವಿಚ್ ತಿಂದು ಬಂದ. ಅಕ್ಕ ಹೊರಗೆ ಬಂದಾಗ ಅವಳ ಕಣ್ಣು ಮೊದಲು ಅವನನ್ನು ಹುಡುಕಿತು. ಅವನು ಹಲ್ಲಿನ ಸಂದಿಯಿಂದ ಕೊತ್ತಂಬರಿ ತೆಗೆಯುತ್ತಿದ್ದ.

"ಹೇಗಿರುತ್ತೆ ಒಳಗೆ?" ಎಂದು ಕೇಳಿದ. ಅವಳಿಗೆ ಹೇಗಾಯಿತು ಎಂದಲ್ಲ.

"ಏನಿಲ್ಲ. ಕಣ್ಮುಚ್ಚಿಕೋ, ಮುಗಿದುಹೋಗುತ್ತೆ," ಎಂದಳು ಅಕ್ಕ.

ಮುಗಿದುಹೋಗಲಿಲ್ಲ. ಹೆದರಿಕೆಯಾದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರಿನ ಚೆಂಡನ್ನು ಅವನು ಮೂರು ಸಲ ಒತ್ತಿದ, ಮೂರು ಸಲವೂ ಯಂತ್ರ ನಿಲ್ಲಿಸಿ ಅವನನ್ನು ಹೊರಗೆಳೆದರು. ಕೊನೆಗೆ ನರ್ಸು ಬಂದು, "ಯಾರಾದ್ರೂ ಒಬ್ರು ಬಂದು ಕಾಲು ಹಿಡ್ಕೊಂಡು ನಿಂತ್ಕೊಳ್ಳಿ, ಧೈರ್ಯ ಬರುತ್ತೆ. ಚಿನ್ನ ಎಲ್ಲ ತೆಗೆದಿಟ್ಟು ಬನ್ನಿ," ಎಂದಳು.

ಹಾಜಾ ಎದ್ದಳು. ಚಿನ್ನದ ಮಾತು ಕೇಳಿ ನಿಂತಳು. ತನ್ನ ಮೈಮೇಲಿನದ್ದು, ಎದೆಯ ಗಂಟಿನಲ್ಲಿದ್ದದ್ದು, ಎರಡನ್ನೂ ಯಾರ ಕೈಗೆ ಕೊಡುವುದು? ನಮ್ಮ ಮೂವರ ಕೈಗಳನ್ನೂ ಒಂದು ಸುತ್ತು ನೋಡಿದಳು. ಮತ್ತೆ ಕೂತಳು.

"ಹೈಸಮ್! ಗಂಡಸಾಗಪ್ಪಾ!" ಎಂದು ಕೂತಲ್ಲಿಂದಲೇ ಬಾಗಿಲಿಗೆ ಕೂಗಿದಳು.

ಕಡೆಗೆ ಒಳಗೆ ಹೋದವಳು ನಮ್ಮಮ್ಮ. ಭಾವೀ ಅಳಿಯನ ಬಲಗಾಲಿನ ಹೆಬ್ಬೆರಳು ಹಿಡಿದು, ಇಪ್ಪತ್ತೈದು ನಿಮಿಷ ಅವನಿಗೆ ಪ್ರಾರ್ಥನೆ ಹೇಳುತ್ತ ನಿಂತಿದ್ದಳು. ಹೊರಬಂದವಳ ಮುಖದಲ್ಲಿ ದಾನ ಮಾಡಿದವರ ತೃಪ್ತಿ.

ಕಾರು ಹೊರಟ ಮೇಲೆ ಅಕ್ಕ ಬಳೆ ಕೇಳಿದಳು.

"ರಿಪೋರ್ಟು ಬರೋವರೆಗೂ ನನ್ನ ಹತ್ರಾನೇ ಇರ್ಲಿ ಬಿಡು ಮಗಳೇ. ಕೈ ನೋಡು, ಹೇಗೆ ಕೆಂಪಾಗಿದೆ. ಸ್ವಲ್ಪ ಗಾಳಿ ಆಡ್ಲಿ."

ಅಮ್ಮ ನನ್ನ ತೊಡೆ ಜಿಗುಟಿದಳು. ಯಾಕೆಂದರೆ ನಮ್ಮಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತಿರುವ ನಿಯಮವೊಂದಿದೆ. ಗಂಡಿನ ಕಡೆಯವರು ಸಂಬಂಧ ಮುರಿದರೆ ಚಿನ್ನ ಹುಡುಗಿಗೇ ಉಳಿಯುತ್ತದೆ. ಹೆಣ್ಣಿನ ಕಡೆಯವರು ಮುರಿದರೆ, ಇಲ್ಲವೇ ಹುಡುಗಿಯಲ್ಲಿ ಮುಚ್ಚಿಟ್ಟ ದೋಷವೇನಾದರೂ ಬಯಲಾದರೆ, ವಾಪಸು ಹೋಗುತ್ತದೆ. ಮುರಿದೆ ಎನ್ನುವ ಮಾತು ಯಾರ ಬಾಯಿಂದ ಮೊದಲು ಬರುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಹಾಜಾ ತೀರ್ಪು ಬರುವ ಮೊದಲೇ ಜಪ್ತಿ ಮುಗಿಸಿದ್ದಳು, ಅದೂ ಯಂತ್ರದ ಕಾನೂನಿನ ಹೆಸರಿನಲ್ಲಿ. ನನಗೆ ಒಂದು ಕ್ಷಣ ಆಕೆಯ ಬಗ್ಗೆ ಹೆಚ್ಚೂಕಡಿಮೆ ಗೌರವವೇ ಹುಟ್ಟಿತು.

ಬುಧವಾರ ನಾನೇ ಬಸ್ಸಿನಲ್ಲಿ ಹೋಗಿ ಎರಡು ದೊಡ್ಡ ಲಕೋಟೆ ತಂದೆ. ಅಲ್ಲಿಯ ಡಾಕ್ಟರು ಸ್ವತಃ ಹೊರಬಂದು ಎರಡನೆಯ ಲಕೋಟೆಯ ಮೇಲೆ ಬೆರಳಿಟ್ಟರು.

"ಇವ್ರಿಗೆ ಮೆದುಳಿನ ಪಕ್ಕದಲ್ಲಿ ಒಂದು ಪುಟ್ಟ ನೀರಿನ ಚೀಲ ಇದೆ. ಹುಟ್ಟಿದಾಗಿಂದ ಇರ್ಬಹುದು. ಎಷ್ಟೋ ಜನಕ್ಕಿರುತ್ತೆ, ಸಾಯೋವರೆಗೂ ಗೊತ್ತೇ ಆಗಲ್ಲ. ಯಾವುದನ್ನೂ ಒತ್ತುತಾ ಇಲ್ಲ. ಒಂದ್ಸಲ ನರರೋಗದ ಡಾಕ್ಟ್ರಿಗೆ ತೋರಿಸಿ, ಸಾಕು. ಹೆದರಿಸ್ಬೇಡಿ."

"ಇವ್ರು" ಎಂದರೆ ಹೈಸಮ್.

ಆ ಸಂಜೆ ಐದೂ ಜನ ನಮ್ಮ ಹಜಾರದಲ್ಲಿ ಕೂತರು. ಅಕ್ಕ ಬೆಳಗಿನಿಂದ ಮನೆಯನ್ನು ಮೂರು ಸಲ ಗುಡಿಸಿದ್ದಳು. ಮೊದಲು ಅವಳದ್ದನ್ನು ಓದಿದೆ. ಎಲ್ಲವೂ ಸಹಜ, ಏನೂ ದೋಷವಿಲ್ಲ. ಹಾಜಾಳ ಮುಖ, ಅಂಗಡಿಯವನು ಕಲ್ಲಂಗಡಿ ಕೊಯ್ದು ಕೆಂಪು ತೋರಿಸಿಬಿಟ್ಟಾಗ ಚೌಕಾಸಿಗೆ ದಾರಿ ಕಾಣದವರ ಮುಖವಾಯಿತು. ಆಮೇಲೆ ಅವನದ್ದು ಓದಿದೆ. ಡಾಕ್ಟರು ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ.

ಮಾತು ಹುಡುಕಲು ಹಾಜಾಗೆ ಬೇಕಾದದ್ದು ಎರಡು ಉಸಿರು.

"ಲಕೋಟೆ ಅದಲುಬದಲಾಗಿದೆ."

"ಇಲ್ಲ ಹಾಜಾ. ಫಿಲ್ಮಿನ ಮೂಲೆಯಲ್ಲಿ ಹೆಸರಿದೆ, ನೋಡಿ."

"ಹೆಸರು ಯಾರು ಬೇಕಾದ್ರೂ ಬರೀಬಹುದು. ಇದು ನಿಮ್ಮ ಹುಡುಗಿ ತಲೆ. ಬಿದ್ದೋಳು ಅವ್ಳು, ಚೀಲ ಇವ್ನಿಗ್ ಹೇಗ್ ಬರುತ್ತೆ?"

"ಮೂರು ಟೆಸ್ಲಾ ಹಾಜಾ," ಎಂದಳು ಅಮ್ಮ ಮೆಲ್ಲಗೆ. "ನೀವೇ ಆರಿಸಿದ ಕೇಂದ್ರ."

"ಯಂತ್ರ ತಾನೇ! ಯಂತ್ರಕ್ಕೇನು ದೇವರ ಭಯ ಇದ್ಯಾ?"

ಅಮ್ಮನ ಕಣ್ಣಲ್ಲಿ ಅಪ್ಪ ಹೋದ ಮೇಲೆ ನಾನು ಕಾಣದಿದ್ದ ಬೆಳಕು ಬಂತು. ಎರಡು ದಿನದ ಹಿಂದೆ ಆ ಹುಡುಗನ ಹೆಬ್ಬೆರಳು ಹಿಡಿದು ಪ್ರಾರ್ಥನೆ ಹೇಳಿದ್ದ ಕೈಯನ್ನು ಎತ್ತಿ ಅವನ ತಲೆಯ ಕಡೆ ಬೆರಳು ತೋರಿಸಿದಳು.

"ಹುಟ್ಟಿದಾಗಿಂದ ಅಂತೆ! ಮೂವತ್ತಮೂರು ವರ್ಷ ಮುಚ್ಚಿಟ್ಕೊಂಡು ನನ್ನ ಮಗಳಿಗೆ ಕಟ್ಟೋಕೆ ಬಂದ್ರಲ್ಲಾ ಹಾಜಾ! ನೀವೇ ಹೇಳಿ, ಈಗೇನು ಮಾಡೋಣ ಅಂತೀರಿ? ನೀವೇ ಹೇಳಿ."

"ನಾನ್ಯಾಕ್ ಹೇಳ್ಲಿ? ನೀವು ಹೇಳಿ."

"ದೊಡ್ಡೋರು ನೀವು, ನೀವು ಹೇಳಿ."

ಇಬ್ಬರೂ ಒಬ್ಬರ ತುಟಿಯನ್ನೊಬ್ಬರು ನೋಡುತ್ತ ಕೂತರು. ಆ ಮಾತು ಎದುರಿನವಳ ಬಾಯಿಂದ ಬೀಳಲಿ ಎಂದು, ಇಲಿ ಬಿಲದ ಮುಂದೆ ಕೂತ ಬೆಕ್ಕುಗಳ ಹಾಗೆ.

ಹೈಸಮ್ ಅಷ್ಟು ಹೊತ್ತೂ ಎಡಗಿವಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದ, ಚೀಲ ತುಳುಕೀತು ಎನ್ನುವಂತೆ. ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸಿ ನನ್ನನ್ನು ಕೇಳಿದ:

"ನಾನು ಸಾಯ್ತೀನಾ?"

ಉತ್ತರ ಕೊಟ್ಟವಳು ಅಕ್ಕ. ಎದ್ದು ಹೋಗಿ ಅವನ ಪಕ್ಕ ಕೂತಳು. ಒಂದು ಲೋಟ ನೀರು ಕೊಟ್ಟಳು. "ಯಾಕೆ ಸಾಯ್ತೀಯಾ? ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ? ಮೂವತ್ತಮೂರು ವರ್ಷ ಅದನ್ನ ಇಟ್ಕೊಂಡೇ ತಿರುಗಾಡಿದೀಯ. ಇನ್ನೂ ಐವತ್ತು ವರ್ಷ ತಿರುಗಾಡ್ತೀಯ. ಶನಿವಾರ ಡಾಕ್ಟ್ರ ಹತ್ರ ನಾನೂ ಬರ್ತೀನಿ."

ಇವಳು ಇವನನ್ನು ಮದುವೆಯಾಗುತ್ತಾಳೆ ಎಂದುಕೊಂಡೆ. ಇಬ್ಬರು ಅಮ್ಮಂದಿರ ನಡುವೆ ದಾರಿ ಮಾಡಿಕೊಂಡು, ನೀರಿನ ಚೀಲದ ಸಮೇತ ಇವನನ್ನು ಎತ್ತಿಕೊಂಡು ಹೋಗುತ್ತಾಳೆ. ಆ ಕ್ಷಣ ಅವನು ಏನೂ ಮಾಡದೆ ನೀರು ಕುಡಿದಿದ್ದರೆ ಸಾಕಿತ್ತು.

ಹಾಜಾ ಹೊಸ ದಾರಿ ಕಂಡುಕೊಂಡಿದ್ದಳು. "ಕೈರೋಗೆ ಹೋಗೋಣ. ಇಬ್ಬರಿಗೂ ಇನ್ನೊಂದ್ಸಲ ಮಾಡಿಸೋಣ, ಬಣ್ಣದ ಇಂಜೆಕ್ಷನ್ ಹಾಕಿ. ಆಗ ಗೊತ್ತಾಗುತ್ತೆ ಯಾರ ತಲೆ ಯಾರದ್ದು ಅಂತ."

"ಅಮ್ಮ ಹೇಳೋದು ಸರಿ," ಎಂದ ಹೈಸಮ್. ಮುಖಕ್ಕೆ ರಕ್ತ ಮರಳಿ ಬಂದಿತ್ತು. "ವಿಸಾಮ್‌ದೂ ಇನ್ನೊಂದ್ಸಲ ಆಗ್ಲಿ."

ಅಕ್ಕ ಖಾಲಿ ಲೋಟ ಇಸಿದುಕೊಂಡಳು. "ನಂದ್ಯಾಕೆ? ನಂದ್ರಲ್ಲಿ ಏನೂ ಇಲ್ಲ ಅಂತ ಬರೆದಿದೆಯಲ್ಲ."

"ಅದ್ಲುಬದ್ಲಾಗಿರ್ಬಹುದಲ್ವಾ?"

"ನಿಂಗೆ ಹಾಗನ್ಸುತ್ತಾ?"

ಅವನು ತನ್ನ ಅಮ್ಮನ ಮುಖ ನೋಡಿದ. "ಹಾಗೇನಾದ್ರೂ ಆಗಿದ್ರೆ ಒಳ್ಳೇದಲ್ವಾ ಅಂತ," ಎಂದ.

ಒಳ್ಳೆಯದು. ಆ ಚೀಲ ತನ್ನ ತಲೆಯಿಂದ ಎದ್ದು ಅವಳ ತಲೆಗೆ ಹೋದರೆ ಒಳ್ಳೆಯದು. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದೇ ಅಸಹ್ಯ. ಸೆಕೆಯಾಗುತ್ತದೆ ಕಿಟಕಿ ತೆಗೆಯಿರಿ ಎನ್ನುವಷ್ಟು ಸರಳವಾಗಿ ಹೇಳಿದ್ದ.

ಅಕ್ಕ ಲೋಟವನ್ನು ಮೇಜಿನ ಮೇಲೆ ಇಟ್ಟಳು.

"ನಾನು ಮುರೀತಾ ಇದೀನಿ," ಎಂದಳು.

"ಬಾಯ್ ಮುಚ್ಚೇ!" ಅಮ್ಮ ಚೀರಿದಳು. "ಅವಳಿಗೆ ತಲೆ ಸರಿ ಇಲ್ಲ ಹಾಜಾ, ಏನೋ ಅಂದ್ಲು..." ಹಾಗೆ ಹೇಳಿ, ತಾನು ಹೇಳಿದ್ದು ಏನೆಂದು ತಾನೇ ಕೇಳಿಸಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದಳು.

"ಸರಿಯಾಗಿದೆ ತಲೆ. ರಿಪೋರ್ಟ್ ಇದೆ," ಎಂದಳು ಅಕ್ಕ. "ಹಾಜಾ, ಮುರಿದಿದ್ದು ನಾನು, ಹೆಣ್ಣಿನ ಕಡೆಯವ್ಳು. ಎಲ್ಲರ ಮುಂದೆ ಹೇಳ್ತಿದೀನಿ, ಸಾಕ್ಷಿಗೆ ನಿಹಾಲ್ ಇದ್ದಾಳೆ. ಚಿನ್ನ ನಿಮ್ಮ ಹತ್ರಾನೇ ಇದೆ. ಎದ್ದೇಳಿ."

ಅಷ್ಟು ಬೇಗ ಗೆದ್ದದ್ದು ಹಾಜಾಗೆ ರುಚಿಸಲಿಲ್ಲ. ಬೈಯಲು ಬಾಯಿ ತೆರೆದಳು, ಬೈಯಲು ಕಾರಣವೇ ಉಳಿದಿರಲಿಲ್ಲ. ಎದ್ದಳು. ಹೈಸಮ್ ಲಕೋಟೆಗೆ ಕೈ ಚಾಚಿದ. ಹಾಜಾ ಅವನ ಕೈಗೆ ಹೊಡೆದಳು.

"ಮುಟ್ಬೇಡ! ನಿಂದಲ್ಲ ಅದು!"

ಹೀಗೆ ಹೈಸಮನ ತಲೆ ನಮ್ಮ ಮನೆಯಲ್ಲಿಯೇ ಉಳಿಯಿತು.

ಅಮ್ಮ ಎರಡು ದಿನ ಅಕ್ಕನ ಜೊತೆ ಮಾತಾಡಲಿಲ್ಲ, ಬೀದಿಯ ಜೊತೆ ಮಾತಾಡಿದಳು. ಮೆಟ್ಟಿಲ ಮೇಲೆ ಸಿಕ್ಕಿದ ಪ್ರತಿಯೊಬ್ಬರಿಗೂ ಹುಡುಗನ ತಲೆಯಲ್ಲಿ ಗಡ್ಡೆ ಇದೆ ಎಂದಳು. ಮೊದಲು ನಿಂಬೆಯಷ್ಟು, ಮಧ್ಯಾಹ್ನದ ಹೊತ್ತಿಗೆ ಕಿತ್ತಳೆಯಷ್ಟು. ಕೌಸರ್ ತಾನು ಅವನನ್ನು ಎಲ್ಲೂ ನೋಡಿಲ್ಲವೆಂದು ಯಾರೂ ಕೇಳದೆಯೇ ಆಣೆ ಇಟ್ಟಳು. ಶಿಶುವಿಹಾರದಿಂದ ಬರುತ್ತಿದ್ದ ಅಕ್ಕ ಮೆಟ್ಟಿಲಲ್ಲಿ ನಿಂತು, "ಗಡ್ಡೆ ಅಲ್ಲ ಕೌಸರತ್ತೆ, ನೀರಿನ ಚೀಲ. ಅವನಿಗೇನೂ ಆಗಲ್ಲ," ಎಂದು ತಿದ್ದಿ ಮೇಲೆ ಬಂದಳು. ಮುರಿದವಳೇ ಅವನ ತಲೆಯ ಪರ ವಾದಿಸುವುದನ್ನು ನೋಡಿ ಬೀದಿಗೆ ಬೇಸರವಾಯಿತು.

ಆದರೆ ಅವಳು ಸರಿಯಾಗಿ ಉಣ್ಣುತ್ತಿರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತಿದ್ದಳು. ಶನಿವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡಲೆಂದು ತಲೆವಸ್ತ್ರಕ್ಕೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತು. ಹೈಸಮ್. ಹೆಸರು ನೋಡಿದ್ದೇ ಅವಳ ಕೈಯಿಂದ ಪಿನ್ನು ಬಿತ್ತು. ಮೂರು ಸಲ ಹೊಡೆದುಕೊಳ್ಳಲು ಬಿಟ್ಟಳು, ನಾಲ್ಕನೆಯದಕ್ಕೆ ಎತ್ತಿದಳು.

"ಹೇಳು," ಎಂದಳು. ಆ ಒಂದು ಮಾತಿನಲ್ಲಿ ಎಷ್ಟು ಜಾಗ ಬಿಟ್ಟಿದ್ದಳೆಂದರೆ ಒಬ್ಬ ಮನುಷ್ಯ ಒಳಗೆ ಬಂದು ಕೂರಬಹುದಿತ್ತು.

ಕೇಳಿಸಿಕೊಂಡಳು. ಆಮೇಲೆ ಫೋನು ನನ್ನ ಕಡೆ ಚಾಚಿದಳು.

"ನಿಹಾಲ್," ಎಂದ ಅವನು, ಪಿಸುದನಿಯಲ್ಲಿ. ತನ್ನಮ್ಮನಿಗೆ ತಿಳಿಯದಂತೆ ಮಾಡಿದ್ದಿರಬೇಕು. "ಡಾಕ್ಟ್ರ ಹತ್ರ ಬಂದಿದೀನಿ. ಫಿಲ್ಮ್ ನಿಮ್ಮನೇಲೇ ಇದೆಯಲ್ಲ. ಆ ಎರಡನೇ ಸಾಲು ಇನ್ನೊಂದ್ಸಲ ಓದ್ತೀಯಾ? ಏನೋ ಒತ್ತುತಾ ಇಲ್ಲ ಅಂತಿತ್ತಲ್ಲ, ಅದು."

ಲಕೋಟೆ ತಂದು ಓದಿದೆ. ಇಂಗ್ಲಿಷಿನಲ್ಲಿ ಒಂದು ಸಲ, ನಮ್ಮ ಭಾಷೆಯಲ್ಲಿ ಎರಡು ಸಲ. ಅವನು ದೀರ್ಘವಾಗಿ ಉಸಿರು ಬಿಟ್ಟ.

"ಇನ್ನೇನಾದ್ರೂ ಕೇಳೋದಿದ್ಯಾ?" ಎಂದೆ. ಬೇಕೆಂದೇ ಕಾದೆ. ಜೀವನದಲ್ಲಿ ಒಂದು ಸಲವಾದರೂ ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದ್ದೆ.

"ಇಲ್ಲ," ಎಂದ. "ಓ, ಹಾಂ. ಲಕೋಟೆ ಯಾರ ಕೈಲಾದ್ರೂ ಅಂಗಡಿಗೆ ಕಳಿಸ್ತೀಯಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು.

"ಅಷ್ಟೇ ಕೇಳಿದ್ನಾ?"

"ಅಷ್ಟೇ."

"ನನ್ ಬಗ್ಗೆ..."

"ಏನೂ ಕೇಳ್ಲಿಲ್ಲ."

ಅವಳು ಗೋಡೆಗೆ ಕೈಯಾನಿಸಿ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದಳು.

"ಹಾಗಿದ್ರೆ ನಾನು ಮಾಡಿದ್ದು ಸರಿ," ಎಂದಳು. "ಲಕೋಟೆ ಕೊಡು. ದಾರೀಲೇ ಅಂಗಡಿ, ಕೊಟ್ಟುಹೋಗ್ತೀನಿ."